ಕರು ಹಾಕಿದ ಮೇಲೆ ಗರ್ಭಕೋಶದ ಸೋಂಕು: ಲೆಕ್ಕದ ಪುಸ್ತಕಕ್ಕೆ ಬಾರದ ನಷ್ಟ

ಹಸು ಕರು ಹಾಕಿದ ದಿನ ಮನೆಯವರೆಲ್ಲ ಕರುವಿನ ಸುತ್ತ ಇರುತ್ತಾರೆ. ಆದರೆ ಮುಂದಿನ ಎರಡು ಮೂರು ವಾರ ಹೆಚ್ಚು ಗಮನ ಬೇಕಾಗುವುದು ತಾಯಿ ಹಸುವಿಗೆ. ಆಗ ಬರುವ ಗರ್ಭಕೋಶದ ಸೋಂಕಿನ ನಷ್ಟ ಎಷ್ಟೋ ತಿಂಗಳ ನಂತರ ತಿಳಿಯುತ್ತದೆ. ಡೇರಿಯ ಬಟವಾಡೆಯಿಂದ ಫೀಸು ಕಟ್ಟುವ ಮನೆಗಳಿಂದ ಬಂದವರು ನಮ್ಮಲ್ಲೂ ಇದ್ದಾರೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಸೋಂಕು ಹೇಗೆ ಬರುತ್ತದೆ?

ಕರು ಹಾಕುವಾಗ ಗರ್ಭಕೋಶದ ಬಾಯಿ ತೆರೆದಿರುತ್ತದೆ. ಸಗಣಿ, ಕೊಳಕು ನೆಲ, ತೊಳೆಯದ ಕೈಗಳಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಹೆಚ್ಚುಕಡಿಮೆ ಎಲ್ಲ ಹಸುಗಳಲ್ಲೂ ಹೀಗಾಗುತ್ತದೆ. ಆರೋಗ್ಯವಾಗಿರುವ ಹಸುವಿನ ದೇಹ ಕೆಲವೇ ವಾರಗಳಲ್ಲಿ ಅವನ್ನು ಹೊರಹಾಕುತ್ತದೆ. ಹೆರಿಗೆ ಕಷ್ಟವಾದಾಗ, ಅವಳಿ ಕರು ಅಥವಾ ಸತ್ತ ಕರು ಹುಟ್ಟಿದಾಗ, ಕ್ಯಾಲ್ಸಿಯಂ ಕೊರತೆಯಾದಾಗ ಸೋಂಕು ಉಳಿದುಬಿಡುವ ಸಾಧ್ಯತೆ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದದ್ದು ಕಸ, ಅಂದರೆ ಸತ್ತೆ. ಅದು ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. 24 ಗಂಟೆ ಕಳೆದರೂ ಬೀಳದಿದ್ದರೆ ಒಳಗೇ ಕೊಳೆಯುತ್ತದೆ.

ಹೇಗೆ ಗುರುತಿಸುವುದು?

ಮೊದಲ 10 ದಿನಗಳಲ್ಲಿ ಕೆಟ್ಟ ವಾಸನೆಯ, ಕೆಂಪು ಕಂದು ಬಣ್ಣದ ನೀರಿನಂಥ ಸ್ರಾವ, 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಮೇವು ಬಿಡುವುದು, ಹಾಲು ಇಳಿಯುವುದು ಕಂಡರೆ ತಡಮಾಡಬಾರದು. ಇದು ಜೀವಕ್ಕೂ ಅಪಾಯ.

ಇನ್ನೊಂದು ಬಗೆಯದು ಮೂರು ವಾರದ ನಂತರವೂ ಉಳಿಯುವ ಸೋಂಕು. ಜ್ವರ ಇರುವುದಿಲ್ಲ, ಹಸು ಮೇಯುತ್ತದೆ, ಹಾಲೂ ಕೊಡುತ್ತದೆ. ಮಲಗಿದ ಜಾಗದಲ್ಲಿ ಅಥವಾ ಬಾಲದಲ್ಲಿ ಬಿಳಿ ಕೀವು ಕಾಣಬಹುದು, ಅಷ್ಟೇ. ಆದರೆ ಬೆದೆಗೆ ಬಂದರೂ ಗಬ್ಬ ನಿಲ್ಲುವುದಿಲ್ಲ.

ಈಗ ಲೆಕ್ಕ ನೋಡೋಣ

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ ಕರು ಹಾಕಿದ 85 ದಿನಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಸೋಂಕಿನಿಂದ ಮೂರು ಬೆದೆ ವ್ಯರ್ಥವಾದರೆ ಮುಂದಿನ ಕರು 63 ದಿನ ತಡ. ಹಾಲು ಕಡಿಮೆಯಾದರೂ, ನಿಂತರೂ ಮೇವು ಹಾಕಲೇಬೇಕು. ದಿನಕ್ಕೆ 150 ರೂಪಾಯಿ ಖರ್ಚು ಎಂದು ಇಟ್ಟುಕೊಂಡರೆ 9,450 ರೂಪಾಯಿ ಆಯಿತು. ನಿಮ್ಮ ಮನೆಯ ಖರ್ಚು ಹಾಕಿ ನೀವೇ ಗುಣಿಸಿ ನೋಡಿ. ಔಷಧಿಯ ಬಿಲ್ಲು ಎಲ್ಲರಿಗೂ ಕಾಣುತ್ತದೆ. ಈ ಮೊತ್ತಕ್ಕೆ ಬಿಲ್ಲೇ ಇಲ್ಲ. ಕೊನೆಗೆ "ಇದು ಗಬ್ಬ ನಿಲ್ಲೋದಿಲ್ಲ" ಎಂದು ಒಳ್ಳೆಯ ಹಸುವನ್ನೇ ಕಡಿಮೆ ಬೆಲೆಗೆ ಮಾರಿಬಿಡುತ್ತಾರೆ.

ಏನು ಮಾಡಬೇಕು?

ಕರು ಹಾಕುವ ಜಾಗ ಒಣಗಿರಲಿ, ಒಣಹುಲ್ಲು ಹಾಸಿರಲಿ. ಸಹಾಯ ಮಾಡುವವರು ಸೋಪಿನಿಂದ ಕೈ ತೊಳೆದುಕೊಳ್ಳಲಿ. ಕಸವನ್ನು ಕೈಯಿಂದ ಎಳೆಯಬಾರದು, ಅದಕ್ಕೆ ಕಲ್ಲು ಕಟ್ಟಿ ತೂಗಬಿಡಬಾರದು. ತುಂಡು ಒಳಗೇ ಉಳಿಯುತ್ತದೆ, ಗರ್ಭಕೋಶಕ್ಕೆ ಗಾಯವಾಗುತ್ತದೆ. ಪಶುವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಫೋನ್ ಮಾಡಬಹುದು. ಆಂಟಿಬಯಾಟಿಕ್ ಕೊಟ್ಟರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೂ ಹಾಕಬಾರದು, ಮನೆಯ ಚಹಾಕ್ಕೂ ಬಳಸಬಾರದು.

ನಮ್ಮ ದಾದಿಗೆ ಓದು ಬರಹ ಬರುವುದಿಲ್ಲ. ಆದರೂ ಕರು ಹಾಕಿದ ದಿನ, ಕಸ ಬಿದ್ದ ಹೊತ್ತು, ಬೆದೆ ಬಂದ ದಿನ ಎಲ್ಲವನ್ನೂ ನಮ್ಮಿಂದ ಕ್ಯಾಲೆಂಡರಿನಲ್ಲಿ ಬರೆಸುತ್ತಾರೆ. ವೈದ್ಯರು ಬಂದಾಗ ಮೊದಲು ಕೇಳುವುದೂ ಇವನ್ನೇ. ಹಸು ಇರುವ ಮನೆಯ ಗೆಳೆಯರು ಈ ಮೂರು ತಾರೀಖುಗಳನ್ನು ಇವತ್ತಿನಿಂದಲೇ ಬರೆದಿಡಲು ಶುರುಮಾಡಿ.