ಲಂಡನ್ನಿನಿಂದ ಪ್ಯಾರಿಸ್ಸಿಗೆ: ಆಕಾಶದಲ್ಲಿ ಐವತ್ತು ನಿಮಿಷ

ಲಂಡನ್ನಿಗೂ ಪ್ಯಾರಿಸ್ಸಿಗೂ ನಡುವೆ ನೇರ ಗೆರೆ ಎಳೆದು ಅಳೆದರೆ ಸುಮಾರು 340 ಕಿಲೋಮೀಟರು, ಹಳೆಯ ಲೆಕ್ಕದಲ್ಲಿ 210 ಮೈಲಿ. ಬೆಂಗಳೂರು-ಚೆನ್ನೈ ಆಕಾಶಮಾರ್ಗಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಈ ದಾರಿಯನ್ನು ಕ್ರಮಿಸಲು ತಗಲುವ ಕಾಲವೆಷ್ಟೆಂಬುದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಟಿಕೆಟಿನ ಮೇಲಿನ ಅಂಕಿಯನ್ನೇ ನಂಬಿದ ಪ್ರವಾಸಿ ಅರ್ಧ ಹಗಲನ್ನು ಕಳೆದುಕೊಳ್ಳುವುದುಂಟಾದುದರಿಂದ ಈ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬಯಸುತ್ತೇವೆ.

ದಿನವಹಿ ವಿಮಾನ ಸಂಚಾರವು ಈ ಎರಡು ನಗರಗಳ ನಡುವೆ ಮೊದಲಾದದ್ದು 1919ರ ಆಗಸ್ಟ್ 25ರಂದು. ಇಂದಿನ ಹೀಥ್ರೋ ನಿಲ್ದಾಣಕ್ಕೆ ಅನತಿದೂರದ ಹೌನ್ಸ್‌ಲೋ ಬಯಲಿನಿಂದ ಹೊರಟ ಆ ಪುಟ್ಟ ವಿಮಾನದಲ್ಲಿ ಇದ್ದವನು ಒಬ್ಬನೇ ಪ್ರಯಾಣಿಕ. ಜೊತೆಗೆ ವೃತ್ತಪತ್ರಿಕೆಗಳ ಕಟ್ಟು ಮತ್ತು ಹಾಲಿನ ಕೆನೆ! ಸುಮಾರು ಎರಡೂವರೆ ಗಂಟೆಯಲ್ಲಿ ಅದು ಪ್ಯಾರಿಸ್ ಸೇರಿತು. ರೈಲು, ಹಡಗು, ಮತ್ತೆ ರೈಲು ಎಂದು ಹಗಲಿನ ಬಹುಭಾಗವನ್ನು ದಾರಿಯಲ್ಲೇ ಕಳೆಯುತ್ತಿದ್ದ ಜನರಿಗೆ ಇದು ಅದ್ಭುತವೆನಿಸಿದ್ದರೆ ಆಶ್ಚರ್ಯವಿಲ್ಲ.

ಇಂದಿನ ಜೆಟ್ ವಿಮಾನ ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ ಐವತ್ತು ನಿಮಿಷ ಸಾಕು. ಮೇಲೇರಿ ಪೂರ್ಣ ವೇಗವನ್ನು ತಾಳುವಷ್ಟರಲ್ಲೇ ಇಳಿಯುವ ಸಿದ್ಧತೆ ಆರಂಭವಾಗುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಒಂದೂಕಾಲು ಗಂಟೆ ಅಥವಾ ಅದಕ್ಕೂ ಹೆಚ್ಚು. ರನ್‌ವೇಯವರೆಗೆ ನಿಧಾನವಾಗಿ ಉರುಳುವುದು, ಸರದಿ ಕಾಯುವುದು, ಎಲ್ಲವೂ ಅದರಲ್ಲಿ ಸೇರಿವೆ. ಹೀಥ್ರೋ ಲಂಡನ್ನಿನ ನಡುಭಾಗದಿಂದ ಸುಮಾರು 23 ಕಿಲೋಮೀಟರು, ಶಾರ್ಲ್ ದ ಗಾಲ್ ನಿಲ್ದಾಣ ಪ್ಯಾರಿಸ್ಸಿನಿಂದ ಸುಮಾರು 25 ಕಿಲೋಮೀಟರು. ತಪಾಸಣೆಗೆಂದು ಎರಡು ಗಂಟೆ ಮುಂಚಿತವಾಗಿ ಹಾಜರಾಗಬೇಕು. ಕೂಡಿಸಿ ನೋಡಿದರೆ ಐದು ಗಂಟೆ ಸರಿದುಹೋಗುತ್ತದೆ. ಅದರಲ್ಲಿ ಹಾರಾಟದ ಪಾಲು ಆರನೆಯ ಒಂದು.

1994ರಲ್ಲಿ ಕಡಲ ತಳದ ಸುರಂಗ ತೆರೆದ ಮೇಲೆ ವಿಮಾನಕ್ಕೆ ನಿಜವಾದ ಪ್ರತಿಸ್ಪರ್ಧಿ ಹುಟ್ಟಿತು. ಐವತ್ತು ಕಿಲೋಮೀಟರು ಉದ್ದದ ಈ ಸುರಂಗದಲ್ಲಿ ಸುಮಾರು 38 ಕಿಲೋಮೀಟರು ಸಮುದ್ರದ ಅಡಿಯಲ್ಲೇ ಇದೆ. ಬಯಲಿನಲ್ಲಿ ಗಂಟೆಗೆ 300 ಕಿಲೋಮೀಟರು ಓಡುವ ರೈಲು ನಗರದ ನಡುವಿನಿಂದ ನಗರದ ನಡುವಿಗೆ ಸುಮಾರು ಎರಡೂಕಾಲು ಗಂಟೆಯಲ್ಲಿ ತಲಪಿಸುತ್ತದೆ. ಫ್ರೆಂಚ್ ಅಧಿಕಾರಿಗಳು ಲಂಡನ್ನಿನ ನಿಲ್ದಾಣದಲ್ಲೇ ಪಾಸ್‌ಪೋರ್ಟು ನೋಡಿಬಿಡುವರು. ಅದಕ್ಕಾಗಿ ಒಂದು ಗಂಟೆಗೂ ಮೊದಲೇ ಹೋಗಬೇಕಾದರೂ ನಮ್ಮ ಲೆಕ್ಕದಲ್ಲಿ ಗೆಲ್ಲುವುದು ರೈಲೇ.

ಗಡಿಯಾರದ ಆಟವೂ ಒಂದಿದೆ. ಪ್ಯಾರಿಸ್ಸಿನ ಕಾಲ ಒಂದು ಗಂಟೆ ಮುಂದು. ಮಧ್ಯಾಹ್ನ 12ಕ್ಕೆ ಲಂಡನ್ ಬಿಟ್ಟ ವಿಮಾನ 2-20ಕ್ಕೆ ಇಳಿಯುತ್ತದೆ. ಪ್ಯಾರಿಸ್ಸಿನಿಂದ 12ಕ್ಕೆ ಹೊರಟದ್ದು 12-20ಕ್ಕೇ ಲಂಡನ್ ಸೇರುತ್ತದೆ. ಎರಡೂ ಪ್ರಯಾಣಗಳಿಗೆ ಹಿಡಿದ ಕಾಲ ಒಂದೇ.

ಭಾರತದ ಪಾಸ್‌ಪೋರ್ಟು ಉಳ್ಳವರು ಇನ್ನೊಂದನ್ನು ಮರೆಯಬಾರದು. ಬ್ರಿಟನ್ನಿನ ವೀಸಾ ಪ್ಯಾರಿಸ್ಸಿನಲ್ಲಿ ನಡೆಯದು. ಅಲ್ಲಿಗೆ ಶೆಂಗನ್ ವೀಸಾ ಬೇರೆಯೇ ಬೇಕು. ಅದೂ ಒಂದೇ ಪ್ರವೇಶದ್ದಾಗಿದ್ದರೆ, ಪ್ಯಾರಿಸ್ ನೋಡಿ ಲಂಡನ್ನಿಗೆ ಬಂದವರು ಮತ್ತೆ ಪ್ಯಾರಿಸ್ಸಿಗೆ ಕಾಲಿಡುವಂತಿಲ್ಲ. ಊರು ಬಿಡುವ ಮುನ್ನವೇ ಆ ಮುದ್ರೆಯನ್ನು ಓದಿಕೊಳ್ಳತಕ್ಕದ್ದು.