ಓದು ಹತ್ತದ ಮಗುವಿಗೆ ಕನ್ನಡದ್ದೇ ಅಳತೆಗೋಲು

‘ಗದಗ’ ಎಂಬ ಬಸ್ ಬೋರ್ಡು ಓದುವುದಕ್ಕೂ ‘ಲಕ್ಷ್ಮೇಶ್ವರ’ ಓದುವುದಕ್ಕೂ ಮಗು ಪಡುವ ಶ್ರಮ ಒಂದೇ ಅಲ್ಲ. ಗದಗ ಜಿಲ್ಲೆಯ ಯಳವತ್ತಿಯ ಮಕ್ಕಳಿಗೆ ಎರಡೂ ಕೇಳಿ ಬಲ್ಲ ಹೆಸರುಗಳೇ. ‘ಗದಗ’ದಲ್ಲಿ ಮೂರೂ ತಲಕಟ್ಟಿನ ಅಕ್ಷರ. ತಮ್ಮೂರು ‘ಯಳವತ್ತಿ’ಯ ಕೊನೆಗೊಂದು ಗುಡಿಸು, ಕೆಳಗೊಂದು ಒತ್ತು. ‘ಕ್ಷ್ಮೇ’ ಬಂದಾಗ ಒಂದೇ ಅಕ್ಷರಕ್ಕೆ ಮೂರು ವ್ಯಂಜನ, ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. ಏತ್ವ ಕಣ್ಣಿಗೆ ಮೊದಲು ಬೀಳುತ್ತದೆ, ನಾಲಿಗೆಯಲ್ಲಿ ಕಡೆಗೆ ಬರಬೇಕು. ಬಹಳಷ್ಟು ಮಕ್ಕಳು ತಡವರಿಸಿ ದಾಟುತ್ತಾರೆ. ಕೆಲವರು ಐದನೇ ತರಗತಿಗೆ ಬಂದರೂ ಅಲ್ಲೇ ನಿಲ್ಲುತ್ತಾರೆ. ‘ಇವಂಗ ಓದು ತಲಿಗಿ ಹತ್ತವಲ್ದರೀ’ ಎಂದು ಅವ್ವ ಗುರುಗಳ ಮುಂದೆ ಕಣ್ಣೊರೆಸಿಕೊಳ್ಳುವುದು ಇಂಥ ಮಗುವಿನ ಬಗ್ಗೆಯೇ. ಅದೇ ಹುಡುಗ ಸಂತೆಯ ಲೆಕ್ಕ ಬಾಯಲ್ಲೇ ಹೇಳಬಲ್ಲ. ಅವನನ್ನು ದಡ್ಡ ಎನ್ನುವುದು ಅನ್ಯಾಯ.

ಇಂಥ ತಡವರಿಕೆಗೆ ಕಲಿಕಾ ನ್ಯೂನತೆಯೂ ಕಾರಣವಿರಬಹುದು. ಆದರೆ ಅದರ ಸಂಶೋಧನೆ ಬಹುಕಾಲ ನಡೆದದ್ದು ಇಂಗ್ಲಿಷ್ ಓದುವ ಮಕ್ಕಳ ಮೇಲೆ. ಅಲ್ಲಿ 26 ಅಕ್ಷರ. ಇಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪ. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತಲೇ ಇರುತ್ತದೆ ಎಂದು ತೋರಿಸಿತು. ಇಂಗ್ಲಿಷಿನ ಗಡುವು ಹಿಡಿದು ಅಳೆದರೆ ನಿಧಾನಕ್ಕೆ ಕಲಿಯುವವನಿಗೆ ನ್ಯೂನತೆಯ ಹಣೆಪಟ್ಟಿ, ನಿಜಕ್ಕೂ ತೊಂದರೆ ಇದ್ದವನಿಗೆ ‘ಇನ್ನೂ ಸಣ್ಣಾವ ಬಿಡ್ರಿ’ ಎಂಬ ಸಮಾಧಾನ. ಈ ಕೊರತೆ ನೀಗಲೆಂದೇ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ‘ಡಾಲಿ’ ಎಂಬ ಪರೀಕ್ಷಾ ಸಾಧನ ತಂದಿತು. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಅದಿದೆ. ಆದರೂ ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಆ ಮಗು ತಡವರಿಸಿದರೆ ಕಾರಣ ಭಾಷೆ ಹೊಸದೆಂಬುದೋ, ಮಿದುಳಿನ ಬೆಳವಣಿಗೆಯೋ? ಇದನ್ನು ಬಿಡಿಸುವ ಕೆಲಸ ಬಾಕಿ ಇದೆ.

ಇನ್ನೊಂದು ಹೊಸ ದಾರಿ ಕೇಂಬ್ರಿಜ್‌ನದು. 2020ರಲ್ಲಿ ಡಂಕನ್ ಆ್ಯಸಲ್ ತಂಡ 479 ಮಕ್ಕಳ ಮಿದುಳಿನ ಚಿತ್ರ ಮತ್ತು ಕಲಿಕೆಯ ಪರೀಕ್ಷೆಗಳನ್ನು ಹೋಲಿಸಿತು. ಓದಿನ ತೊಂದರೆಯಾದ ಡಿಸ್ಲೆಕ್ಸಿಯಾ, ಆಟಿಸಂ, ಗಮನ ನಿಲ್ಲದ ಎಡಿಎಚ್‌ಡಿ ಎಂಬ ಹೆಸರುಗಳಿಗೂ ಮಿದುಳಿನ ಇಂತಿಂಥ ಜಾಗಕ್ಕೂ ತಾಳೆಯಾಗಲಿಲ್ಲ. ಗದಗ ಜಂಕ್ಷನ್ನಿನಂತೆ ಹಲವು ದಾರಿ ಕೂಡುವ ತಾಣಗಳು ಮಿದುಳಿನಲ್ಲಿವೆ. ಅವು ಚೆನ್ನಾಗಿ ಬೆಸೆದುಕೊಂಡಿದ್ದ ಮಕ್ಕಳಿಗೆ ತೊಂದರೆ ಇರಲಿಲ್ಲ, ಇದ್ದರೂ ಯಾವುದೋ ಒಂದು ವಿಷಯಕ್ಕೆ ಸೀಮಿತವಾಗಿತ್ತು. ರೋಗದ ಹೆಸರಿಗಾಗಿ ಕಾಯದೆ, ಮಗು ಎಲ್ಲಿ ತಡವರಿಸುತ್ತದೋ ಅಲ್ಲಿಂದಲೇ ನೆರವು ಶುರುಮಾಡಬೇಕು ಎಂಬುದಕ್ಕೆ ಇದು ಬಲವಾದ ಆಧಾರ ಎಂದೇ ನನ್ನ ನಂಬಿಕೆ.

ಇಂಥ ಮಕ್ಕಳು ಎಷ್ಟಿದ್ದಾರೆ? ಭಾರತದ ಐದು ಪ್ರದೇಶಗಳ ಅಧ್ಯಯನ 2018ರಲ್ಲಿ ಪ್ರಕಟವಾದಾಗ, 2ರಿಂದ 9 ವರ್ಷದ ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ನರವಿಕಾಸದ ಒಂದಲ್ಲ ಒಂದು ತೊಂದರೆ ಕಂಡಿತ್ತು. ಆ ಐದರಲ್ಲಿ ಕರ್ನಾಟಕದ ಊರು ಒಂದೂ ಇರಲಿಲ್ಲ. ಮುಂದಿನ ಅಧ್ಯಯನ ಗದಗ ಜಿಲ್ಲೆಯ ಹಳ್ಳಿಗಳಿಗೂ ಬರಬೇಕು.

ಅಲ್ಲಿಯವರೆಗೆ ಅಪ್ಪ–ಅವ್ವ, ಗುರುಗಳು, ಅಕ್ಕೋರು ಸುಮ್ಮನೆ ಕೂರಬೇಕಿಲ್ಲ. ಮೊದಲು ಮಗುವಿನ ಕಣ್ಣು, ಕಿವಿ ತೋರಿಸಿ. ಯಾವ ಅಕ್ಷರಕ್ಕೆ ನಿಲ್ಲುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಶಾಲೆಗೆ ಬಂದ ದಿನ ಆ ನೋಟ್‌ಬುಕ್ ಮುಂದಿಡಿ. ಕಲಿಕೆಯ ತೊಂದರೆ ಆ ತಂಡ ತಪಾಸಣೆ ಮಾಡಬೇಕಾದ ಪಟ್ಟಿಯಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಅದನ್ನು ಗುರುತಿಸಿದೆ.