ಗೊರಕೆಯೂ ಮಧುಮೇಹಿಗಳ ದೃಷ್ಟಿಯೂ

ನಮ್ಮ ಶಾಲೆಯ ಹಿಂದಿನ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಅಜ್ಜಿಯರೂ ಆಗಿರುವರು. ಮಧುಮೇಹವು ಅವರ ಮನೆಗಳಿಗೆ ಹೊಸದಲ್ಲ. ಅದು ಕಣ್ಣನ್ನು ಕೆಡಿಸುವುದೆಂದು ಹಲವರು ಬಲ್ಲರು. ಆ ಕೇಡಿಗೂ ರಾತ್ರಿಯ ನಿದ್ರೆಗೂ ನಂಟುಂಟೆಂಬುದನ್ನು ಬಲ್ಲವರು ಕೆಲವರೇ. ಆದಕಾರಣ ಆ ಸಂಗತಿಯನ್ನು ಇಲ್ಲಿ ವಿವರಿಸುವೆನು.

ಕಣ್ಣಿನ ಒಳಬದಿಯಲ್ಲಿ ಅಕ್ಷಿಪಟವೆಂಬ ತೆಳುವಾದ ಪೊರೆಯುಂಟು. ನಾವು ನೋಡುವ ವಸ್ತುಗಳ ಬಿಂಬವು ಅದರ ಮೇಲೆ ಬೀಳುವುದು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಅದರ ಸೂಕ್ಷ್ಮ ರಕ್ತನಾಳಗಳು ಕೆಲವು ಸೋರುವುವು, ಕೆಲವು ಮುಚ್ಚಿಹೋಗುವುವು. ಪ್ರಾಣವಾಯುವಿನ ಕೊರತೆಯಿಂದ ದುರ್ಬಲವಾದ ಹೊಸ ನಾಳಗಳು ಹುಟ್ಟಿ, ಒಡೆದು, ಕಣ್ಣೊಳಗೆ ರಕ್ತ ತುಂಬುವುದೂ ಉಂಟು.

ಇನ್ನು ನಿದ್ರೆಯ ವಿಷಯ. ದೊಡ್ಡ ಗೊರಕೆಯನ್ನು ನಾವು ಸುಖನಿದ್ರೆಯ ಗುರುತೆಂದು ಎಣಿಸುವೆವು; ಕೆಲವರಲ್ಲಿ ಅದು ರೋಗದ ಗುರುತು. ಮಲಗಿದಾಗ ಗಂಟಲಿನ ದಾರಿ ಮುಚ್ಚಿ, ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತು, ಬಳಿಕ ಏದುಸಿರಿನೊಡನೆ ಮರಳುವುದು. ರೋಗವು ಬಲಿತವರಲ್ಲಿ ಗಂಟೆಗೆ 30 ಸಲಕ್ಕೂ ಹೆಚ್ಚಾಗಿ ಉಸಿರು ನಿಲ್ಲುವುದು ಅಥವಾ ಕುಗ್ಗುವುದು. ಆಗೆಲ್ಲ ರಕ್ತದ ಪ್ರಾಣವಾಯು ಇಳಿದು ಒತ್ತಡ ಏರುವುದು. ಅಕ್ಷಿಪಟವಾದರೋ ಕತ್ತಲೆಯಲ್ಲಿಯೇ ಹೆಚ್ಚು ಪ್ರಾಣವಾಯುವನ್ನು ಬೇಡುವ ಅಂಗ. ಹೀಗಾಗಿ ಮಧುಮೇಹಿಗೆ ಇದು ಗಾಯದ ಮೇಲೆ ಬರೆ ಎಳೆದಂತೆ.

ಇಂಥ ಉಸಿರುತಡೆಯುಳ್ಳ ಮಧುಮೇಹಿಗಳಲ್ಲಿ ನೇತ್ರರೋಗವು ಹೆಚ್ಚೆಂದು ಅನೇಕ ಸಂಶೋಧನೆಗಳು ತೋರಿಸಿವೆ. ಆದರೂ ಒಂದೇ ಮತ್ತೊಂದಕ್ಕೆ ಕಾರಣವೆಂಬುದು ಇನ್ನೂ ಸಿದ್ಧವಾಗಿಲ್ಲ. ಸ್ಥೂಲದೇಹವೂ ರಕ್ತದೊತ್ತಡವೂ ಎರಡರಲ್ಲಿಯೂ ಪಾಲುಗೊಳ್ಳುವುವು. ಈ ನಂಟು ಇಮ್ಮುಖವಾದುದೂ ಆಗಿರಬಹುದು: ಹಗಲಿರುಳುಗಳ ಭೇದವನ್ನು ದೇಹಕ್ಕೆ ತಿಳಿಸುವ ಜೀವಕೋಶಗಳೂ ಅಕ್ಷಿಪಟದಲ್ಲಿಯೇ ಇರುವುದರಿಂದ, ಅವು ಕೆಟ್ಟರೆ ನಿದ್ರೆಯ ಕ್ರಮವೂ ಕೆಡಬಹುದು.

ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಸ್ತ್ರೀಯರಿಗೆ ಕಣ್ಣೇ ಅನ್ನ. ಹಗಲು ತೂಕಡಿಕೆ ಬಂದರೆ ದುಡಿಮೆಯ ದಣಿವೆಂದೂ, ದೃಷ್ಟಿ ಮಬ್ಬಾದರೆ ವಯಸ್ಸೆಂದೂ ಅವರು ಸುಮ್ಮನಿರುವರು. ಆದರೆ ಈ ನೇತ್ರರೋಗವು ಆರಂಭದಲ್ಲಿ ನೋವನ್ನಾಗಲಿ ಮಬ್ಬನ್ನಾಗಲಿ ತೋರದು. ಹೋದ ದೃಷ್ಟಿ ಪೂರ್ತಿ ಮರಳುವುದು ದುರ್ಲಭ. ಉಳಿದುದನ್ನು ಲೇಸರಿನಿಂದಲೂ ಸೂಜಿಮದ್ದಿನಿಂದಲೂ ಕಾಯಬಹುದು. ಆದುದರಿಂದ ಮಧುಮೇಹಿಗಳು ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ, ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ರೈಲಿನಲ್ಲಿ ಹೋಗಿಬರಬಹುದಾದ ಹುಬ್ಬಳ್ಳಿಯಲ್ಲಿ ಎಂ. ಎಂ. ಜೋಶಿ ನೇತ್ರ ಸಂಸ್ಥೆಯಂಥ ಆಸ್ಪತ್ರೆಗಳಿವೆ. ಉಸಿರುತಡೆಗೂ ಚಿಕಿತ್ಸೆಯುಂಟು: ದೇಹದ ತೂಕವನ್ನಿಳಿಸುವುದು, ರಾತ್ರಿ ಮುಖವಾಡದ ಮೂಲಕ ಗಾಳಿಯೊತ್ತುವ ಯಂತ್ರವನ್ನು ಧರಿಸುವುದು. ಆದರೆ ಅದು ಕಣ್ಣಿನ ಪರೀಕ್ಷೆಗೆ ಬದಲಾಗದು.

ತನ್ನ ಗೊರಕೆ ತನಗೆ ಕೇಳಿಸದು. ಆದಕಾರಣ ಪ್ರಿಯ ವಿದ್ಯಾರ್ಥಿನಿಯರೇ, ತಾಯಿಯ ಅಥವಾ ಅತ್ತೆಯ ಉಸಿರು ಇರುಳಲ್ಲಿ ನಿಂತುನಿಂತು ಬರುವುದನ್ನು ಕೇಳಿದರೆ ನಕ್ಕು ಬಿಡಬೇಡಿರಿ, ವೈದ್ಯರಿಗೆ ತಿಳಿಸಿರಿ. ನಿಮಗೆ ಅಕ್ಷರ ಕಲಿಸಲು ತಮ್ಮ ಸುಖವನ್ನು ಬಿಟ್ಟವರ ಕಣ್ಣಿನ ಬೆಳಕನ್ನು ಕಾಯುವುದು ನಿಮ್ಮ ವಿದ್ಯೆಗೆ ತಕ್ಕ ಸೇವೆ.